ಗೋಡೆಯೊಳಗಿನ ಟೀ ಬಾಯಿಗೆ ಅಂಟಿದ ಎಲ್ಬೋ: ಇಷ್ಟು ಇಕ್ಕಟ್ಟಿನಲ್ಲಿ ಯಾವುದರಿಂದ ಕತ್ತರಿಸೋದು?

ವಾಸಂತಿ:

ಎಲ್ಲರಿಗೂ ನಮಸ್ಕಾರ. ಮನೆಯ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಈ ಸಲ ಮುಂದೆ ಹೋಗಲು ದಾರಿ ಕಾಣುತ್ತಿಲ್ಲ.

ವಾಶ್ ಬೇಸಿನ್ ಅನ್ನು ಒಂದೂವರೆ ಅಡಿ ಬಲಕ್ಕೆ ಸರಿಸಬೇಕು. ಗೋಡೆಯೊಳಗೆ ಒಂದೂವರೆ ಇಂಚಿನ ಪಿವಿಸಿ ವೇಸ್ಟ್ ಪೈಪ್ ನೆಟ್ಟಗೆ ನಿಂತಿದೆ. ಅದರಲ್ಲಿ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ ತುಂಡು. ಟೀಯ ಬಾಯಿ ನನ್ನ ಕಡೆಗೆ ಇದೆ, ಅದಕ್ಕೆ ಎಲ್ಬೋ (ಪೈಪಿನ ದಿಕ್ಕು ತಿರುಗಿಸುವ ಬಾಗಿದ ತುಂಡು) ಹಾಕಿ ಎಡಕ್ಕೆ ತಿರುಗಿಸಿ ಸಾಲ್ವೆಂಟ್‌ನಿಂದ ಅಂಟಿಸಿದ್ದಾರೆ. ನನಗೆ ಬೇಕಿರುವುದು ಬಲಕ್ಕೆ. ಟೀಗೂ ಎಲ್ಬೋಗೂ ನಡುವೆ ಪೈಪ್ ಒಂದಿಷ್ಟೂ ಕಾಣುವುದಿಲ್ಲ, ಎರಡರ ಬಾಯಿಯೂ ಒಂದಕ್ಕೊಂದು ತಾಗಿಕೊಂಡಿವೆ. ನಡುವೆ ಇರುವುದು ಒಂದು ಗೆರೆಯಷ್ಟೇ ಸಂದು.

ಟೈಲ್ ಒಡೆದು ಮಾಡಿಕೊಂಡ ಕಿಂಡಿ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಎಲ್ಬೋದಿಂದ ಎಡಕ್ಕೆ ಹೋಗುವ ಪೈಪಿನ ಹಿಂದೆ ಬೆರಳು ತೂರುವಷ್ಟು ಜಾಗ ಇದೆ. ಟೀಯ ಮೇಲೂ ಕೆಳಗೂ ಪೈಪ್ ಸಿಮೆಂಟಿನಲ್ಲಿ ಹೂತಿದೆ. ಟೀಯನ್ನೇ ಬದಲಿಸಬೇಕೆಂದರೆ ಇನ್ನೂ ನಾಲ್ಕೈದು ಟೈಲ್ ಹೋಗುತ್ತವೆ. ಅದೇ ಬಣ್ಣದ್ದು ನನ್ನ ಹತ್ತಿರ ಉಳಿದಿಲ್ಲ.

ಹ್ಯಾಕ್ಸಾ ಬ್ಲೇಡ್ ಬರಿಗೈಯಲ್ಲಿ ಹಿಡಿದರೆ ಎರಡು ಬೆರಳಗಲ ಆಡಿಸಲೂ ಆಗುವುದಿಲ್ಲ. ಗ್ರೈಂಡರ್ ಹಾಕಿ ಅಂತ ಒಬ್ಬರು ಹೇಳಿದರು, ನನಗೆ ಧೈರ್ಯ ಬರಲಿಲ್ಲ. ಡ್ರಿಲ್ ಮಷಿನ್‌ಗೆ ಕಡ್ಡಿಯಂಥದ್ದು ಸಿಕ್ಕಿಸಿ, ಅದರ ತುದಿಯ ಪುಟ್ಟ ಗರಗಸದ ಚಕ್ರದಿಂದ ಪೈಪನ್ನು ಒಳಗಿನಿಂದಲೇ ಕತ್ತರಿಸುವ ವಿಡಿಯೋ ನೋಡಿದೆ. ಅದನ್ನು ಏನಂತಾರೆ? ಅದೊಂದಿದ್ದರೆ ಸಾಕಾ? ಟೀಯನ್ನು ಉಳಿಸಿಕೊಂಡು ಹೊಸ ಎಲ್ಬೋ ಹಾಕಲು ಆಗುತ್ತದಾ?

ರೆಂಚು:

ಮೇಡಂ, ಇದರಲ್ಲಿ ಒದ್ದಾಡಬೇಡಿ. ಗೋಡೆ ಇನ್ನೂ ಒಂದಡಿ ಒಡೆಸಿ, ಟೀ ಕತ್ತರಿಸಿ ತೆಗೆದು ಹೊಸದು ಹಾಕಿಸಿ. ಹಳೆ ಫಿಟ್ಟಿಂಗ್ ಮೇಲೆ ಭರವಸೆ ಇಡೋದು ಬೇಡ. ಟೈಲ್ ಬೇರೆ ಬಣ್ಣದ್ದು ಹಾಕಿದರೂ ಬೇಸಿನ್ ಕೆಳಗೆ ಯಾರು ನೋಡ್ತಾರೆ.

ಪೈಪ್ ಮೇಸ್ತ್ರಿ:

ವಾಸಂತಿ ಅವರೇ, ಗೋಡೆ ಒಡೆಯೋದನ್ನ ಸದ್ಯಕ್ಕೆ ಬದಿಗಿಡಿ. ಇದು ಒತ್ತಡದ ನೀರು ಹರಿಯೋ ಪ್ರೆಶರ್ ಲೈನ್ ಆಗಿದ್ದರೆ ರೆಂಚು ಅವರು ಹೇಳಿದ್ದನ್ನ ನಾನೂ ಒಪ್ಪುತ್ತಿದ್ದೆ. ನಿಮ್ಮದು ವೇಸ್ಟ್ ಲೈನ್. ಟೀ ಬಿರುಕು ಬಿಟ್ಟಿಲ್ಲ, ಸೋರಿಲ್ಲ. ಗಟ್ಟಿಮುಟ್ಟಾಗಿ ಕೂತಿರೋ ಟೀಯನ್ನ ಕೀಳೋಕೆ ಹೋದರೆ, ಅದರ ಮೇಲೆ ಕೆಳಗೆ ಎರಡು ಹೊಸ ಜಾಯಿಂಟ್ ಗೋಡೆಯೊಳಗೆ ಹುಟ್ಟುತ್ತವೆ. ಅದೂ ಇಕ್ಕಟ್ಟಿನಲ್ಲಿ, ಕಣ್ಣಿಗೆ ಕಾಣದ ಕಡೆ ಅಂಟಿಸಿದ್ದು. ಈ ಕೆಲಸದಲ್ಲಿ ನನಗೆ ತಲೆ ಕೂದಲು ಬೆಳ್ಳಗಾಗಿದೆ. ಒಳ್ಳೆಯ ಫಿಟ್ಟಿಂಗ್ ಒಂದನ್ನ ಉಳಿಸೋ ದಾರಿ ಇದ್ದಾಗ ಸುತ್ತಿಗೆ ಎತ್ತೋದು ನನಗೆ ಮನಸ್ಸಿಗೆ ಬರೋದಿಲ್ಲ.

ನೀವು ನೋಡಿದ್ದು ಇನ್‌ಸೈಡ್ ಪೈಪ್ ಕಟರ್. ಅದು ಬೇಕು, ಆದರೆ ಅದೊಂದೇ ಸಾಲದು. ನಿಮ್ಮ ಮುಂದೆ ಎರಡು ಬೇರೆ ಬೇರೆ ಕೆಲಸ ಇದೆ. ಎಲ್ಬೋವನ್ನ ಟೀಯಿಂದ ಬಿಡಿಸೋದು ಒಂದು. ಬಿಡಿಸಿದ ಮೇಲೂ ಟೀ ಬಾಯೊಳಗೆ ಬಳೆಯ ಹಾಗೆ ಅಂಟಿಕೊಂಡೇ ಇರೋ ಪೈಪ್ ತುಂಡನ್ನ ತೆಗೆಯೋದು ಇನ್ನೊಂದು. ಮೊದಲನೆಯದಕ್ಕೆ ಇನ್‌ಸೈಡ್ ಕಟರ್. ಎರಡನೆಯದಕ್ಕೆ ಸಾಕೆಟ್ ರೀಮರ್ (ಸಾಕೆಟ್ ಅಂದರೆ ಪೈಪ್ ಒಳಗೆ ಕೂರೋ ಫಿಟ್ಟಿಂಗ್ ಬಾಯಿ), ಕೆಲವರು ಫಿಟ್ಟಿಂಗ್ ರೀಮರ್ ಅಂತಲೂ ಅಂತಾರೆ. ಅದು ಮುಂದೆ ಗುಂಡಗಿನ ಮೂತಿ, ಹಿಂದೆ ಹಲ್ಲು ಇರೋ ಬಿಟ್. ಮೂತಿ ಹಳೆ ಪೈಪಿನ ಒಳಗೆ ಕೂತು ದಾರಿ ತೋರಿಸುತ್ತೆ, ಹಿಂದಿನ ಹಲ್ಲು ಪೈಪಿನ ದಪ್ಪವನ್ನ ಹೆರೆದು ತೆಗೆಯುತ್ತೆ.

ಕ್ರಮ ಹೇಳ್ತೀನಿ. ಇದರಲ್ಲಿ ಹಿಂದೆ ಮುಂದೆ ಮಾಡಿದರೆ ಕೆಲಸ ಕೆಡುತ್ತೆ.

ಮೊದಲು ಎಡಕ್ಕೆ ಹೋಗೋ ಪೈಪನ್ನ ಕತ್ತರಿಸಿ. ಅದರ ಹಿಂದೆ ಬೆರಳು ತೂರುತ್ತೆ ಅಂದಿರಲ್ಲ, ಅಷ್ಟು ಸಾಕು. ಕೇಬಲ್ ಸಾ ಅಂತ ಸಿಗುತ್ತೆ, ಎರಡು ತುದಿಗೆ ಹಿಡಿ ಇರೋ ಒರಟು ದಾರ. ಪೈಪಿನ ಹಿಂದಿನಿಂದ ತೂರಿಸಿ, ಎರಡು ಕೈಯಲ್ಲಿ ಹಿಡಿದು, ಉದ್ದುದ್ದ ಎಳೆತದಲ್ಲಿ ಒಂದು ಸಲ ಆ ಕಡೆ ಒಂದು ಸಲ ಈ ಕಡೆ ಎಳೀರಿ. ಉಜ್ಜೋ ಬಿಸಿಗೆ ಪ್ಲಾಸ್ಟಿಕ್ ಕರಗಿ ಕತ್ತರಿಸಿಕೊಂಡು ಬರುತ್ತೆ. ಎರಡು ಕೈಯನ್ನ ಸಾಧ್ಯವಾದಷ್ಟು ಅಗಲ ಇಟ್ಟುಕೊಳ್ಳಿ. ದಾರ ಪೈಪನ್ನ ತೀರಾ ಸುತ್ತಿಕೊಂಡು ಬಾಗಿದರೆ ಬಿಸಿಯೇರಿ ಪಟ್ ಅಂತ ಹರಿದು ಹೋಗುತ್ತೆ. ನಡುವೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಕರಗಿದ ಪ್ಲಾಸ್ಟಿಕ್ ಆರಿ ದಾರ ಅಲ್ಲೇ ಕಚ್ಚಿಕೊಳ್ಳುತ್ತೆ.

ಎಲ್ಬೋ ಈಗ ಟೀಯಿಂದ ಮಾತ್ರ ನೇತಾಡ್ತಾ ಇರುತ್ತೆ. ಆದರೆ ಇನ್‌ಸೈಡ್ ಕಟರ್ ಒಳಗೆ ಹೋಗಬೇಕಾದರೆ ನೇರ ದಾರಿ ಬೇಕು, ಎಲ್ಬೋ ಬೆನ್ನು ಅಡ್ಡ ಇದೆ. ಆ ಬೆನ್ನು ನಿಮ್ಮ ಕಡೆಗೇ ಇರೋದು ಅದೃಷ್ಟ. ಡ್ರಿಲ್‌ಗೆ ಹಾಕಿ ಗುಂಡಗೆ ತೂತು ಕೊರೆಯೋ ಹೋಲ್ ಸಾದಿಂದ ಬೆನ್ನಲ್ಲಿ ಒಂದು ತೂತು ಮಾಡಿ, ಕಟರ್ ಚಕ್ರಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದು. ಟೀ ಬಾಯಿಯ ನಡುಮಧ್ಯಕ್ಕೆ ಸರಿಯಾಗಿ ಬರಬೇಕು. ಬೆನ್ನು ದಾಟಿದ ತಕ್ಷಣ ನಿಲ್ಲಿಸಿ. ಹೋಲ್ ಸಾದ ನಡುವಿನ ಬಿಟ್ ಮುಂದೆ ಚಾಚಿಕೊಂಡಿರುತ್ತೆ, ಟೀಯ ಹಿಂಬದಿಗೆ ತಾಗಬಾರದು.

ಈಗ ಇನ್‌ಸೈಡ್ ಕಟರ್. ಈ ಅಳತೆಗೆ ಬರೋ ಚಕ್ರ 32ರಿಂದ 38 ಮಿ.ಮೀ. ಇರುತ್ತೆ, ಕಾಂಡ ಕಾಲಿಂಚು. ಒಂದೂವರೆ ಇಂಚಿನ ಶೆಡ್ಯೂಲ್ 40 (ದಪ್ಪದ ಒಂದು ದರ್ಜೆ) ಪೈಪಿನ ಹೊರ ಅಳತೆ 48.3 ಮಿ.ಮೀ., ದಪ್ಪ 3.7 ಮಿ.ಮೀ., ಹಾಗಾಗಿ ಒಳಗೆ ಸುಮಾರು 41 ಮಿ.ಮೀ. ಸಿಗುತ್ತೆ. ಚಕ್ರ ಸಲೀಸಾಗಿ ಹೋಗುತ್ತೆ. ಆದರೆ ನಿಮ್ಮದು 40 ಮಿ.ಮೀ. ಅಂತ ಅಚ್ಚಾಗಿರೋ ಮೆಟ್ರಿಕ್ ಪೈಪ್ ಆಗಿದ್ದರೆ ಅದು ಹೊರ ಅಳತೆ, ಒಳಗೆ ಅದಕ್ಕಿಂತ ಕಡಿಮೆ. ಆಗ ದೊಡ್ಡ ಚಕ್ರ ಹಿಡಿಸೋದಿಲ್ಲ. ಕತ್ತರಿಸಿದ ಎಡಗಡೆ ತುಂಡು ಕೈಗೆ ಬಂದಿರುತ್ತಲ್ಲ, ಅದನ್ನ ಕ್ಯಾಲಿಪರ್‌ನಲ್ಲಿ ಹೊರಗೂ ಒಳಗೂ ಅಳೆದುಕೊಂಡೇ ಸಾಮಾನು ಕೊಳ್ಳಿ. ಕಟರ್‌ಗೂ ರೀಮರ್‌ಗೂ ಅದೇ ಅಳತೆ ಆಧಾರ.

ಕಾಂಡದ ಉದ್ದವನ್ನೂ ನೋಡಿ. ತೂತಿನ ಅಂಚಿನಿಂದ ಟೀ ಮತ್ತು ಎಲ್ಬೋ ಸೇರೋ ಆ ಗೆರೆಯವರೆಗೆ ಹೊರಗಿನಿಂದ ಅಳೆಯಿರಿ. ಚಕ್ರದಿಂದ ಅಷ್ಟೇ ದೂರಕ್ಕೆ ಕಾಂಡದ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಆ ಗುರುತು ತೂತಿನ ಅಂಚಿಗೆ ಬಂದಾಗ ಚಕ್ರ ಸಂದಿನ ಎದುರಿಗೆ ಇರುತ್ತೆ. ಕಾಂಡ ಗಿಡ್ಡ ಆಗಿ ಡ್ರಿಲ್‌ನ ಚಕ್ (ಬಿಟ್ ಹಿಡಿಯೋ ಮೂತಿ) ಬಂದು ಎಲ್ಬೋಗೆ ಗುದ್ದಿದರೆ, ಎಲ್ಬೋ ಬೆನ್ನನ್ನ ಇನ್ನಷ್ಟು ಕತ್ತರಿಸಿ ತೆಗೆದು ಹತ್ತಿರ ಹೋಗಿ.

ಚಕ್ರವನ್ನ ಒಳಗೆ ಇಳಿಸಿದ ಮೇಲೆಯೇ ಡ್ರಿಲ್ ಚಾಲೂ ಮಾಡಿ, ಪೂರ್ತಿ ನಿಂತ ಮೇಲೆಯೇ ಹೊರಗೆ ತೆಗೀರಿ. ನಡುವಿನಿಂದ ನಿಧಾನವಾಗಿ ಪೈಪಿನ ಒಳಮೈಗೆ ಒತ್ತಿ, ಪೈಪಿನ ದಪ್ಪ ದಾಟಿದ್ದು ಕೈಗೆ ಗೊತ್ತಾಗುತ್ತೆ, ತಡೆ ಒಮ್ಮೆಗೇ ಸಡಿಲ ಆಗುತ್ತೆ. ಅಲ್ಲಿಂದ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ಸುತ್ತ ಬನ್ನಿ. ಡ್ರಿಲ್ ಕೂಡ ನಿಮ್ಮ ಕಡೆಯಿಂದ ನೋಡಿದರೆ ಅದೇ ದಿಕ್ಕಿಗೆ ತಿರುಗೋದು. ಹೀಗೆ ಹೋದರೆ ಚಕ್ರ ನಿಮ್ಮ ಕೈಯನ್ನ ಹಿಂದಕ್ಕೆ ತಳ್ಳುತ್ತೆ, ಹಿಡಿತ ನಿಮ್ಮದಾಗಿರುತ್ತೆ. ಉಲ್ಟಾ ಹೋದರೆ ಹಲ್ಲು ಪ್ಲಾಸ್ಟಿಕ್ಕನ್ನ ಕಚ್ಚಿ ತಾನೇ ಓಡೋಕೆ ಶುರು ಮಾಡುತ್ತೆ, ಓಡಿ ಟೀ ಅಂಚನ್ನೇ ಗೀರಿಬಿಡುತ್ತೆ. ಆ ಅಂಚು ನಮಗೆ ಬೇಕು.

ಸುತ್ತು ಮುಗಿದಾಗ ಎಲ್ಬೋ ಕೈಗೆ ಬರುತ್ತೆ. ಟೀ ಬಾಯಿ ನಿಮಗೆ ನೇರ ಕಾಣುತ್ತೆ, ಒಳಗೆ ಪೈಪಿನ ಬಳೆ ಸಮೇತ.

ಗ್ರೈಂಡರ್ ಬೇಡ ಅಂತ ನಿಮಗೆ ಅನಿಸಿದ್ದು ಸರಿಯಾಗೇ ಇದೆ. ಸಣ್ಣ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತೆ. ಅಂಗೈ ಅಗಲದ ಕಿಂಡಿಯಲ್ಲಿ ಅದರ ಗಾರ್ಡ್ ಇಟ್ಟುಕೊಂಡು ಕೆಲಸ ಆಗೋದಿಲ್ಲ, ಗಾರ್ಡ್ ತೆಗೆದು ಮಾಡೋದು ಸಾಹಸ ಅಲ್ಲ, ಅಪಾಯ. ಪಿವಿಸಿಯನ್ನ ಅದು ಕತ್ತರಿಸೋದಕ್ಕಿಂತ ಹೆಚ್ಚು ಸುಡುತ್ತೆ. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ, ಕಣ್ಣು ಗಂಟಲು ಉರಿಯುತ್ತೆ. ಬೆಂಕಿ ಹಚ್ಚಿ ಪೈಪ್ ಮೆತ್ತಗೆ ಮಾಡಿ ಕೀಳೋ ಪದ್ಧತಿಯನ್ನೂ ಅದೇ ಕಾರಣಕ್ಕೆ ನಾನು ಯಾರಿಗೂ ಹೇಳಿಕೊಡೋದಿಲ್ಲ.

ಕಿರಣ್:

ಮೇಸ್ತ್ರಿಗಳೇ, ಹೋಲ್ ಸಾ ಬದಲು ಆಸಿಲೇಟಿಂಗ್ ಮಲ್ಟಿ ಟೂಲ್‌ನಲ್ಲಿ ಎಲ್ಬೋ ಬೆನ್ನು ಕತ್ತರಿಸಬಹುದಲ್ಲ? ಬ್ಲೇಡ್ ತಿರುಗೋದಿಲ್ಲ, ಮೂರು ಡಿಗ್ರಿಯಷ್ಟು ಆ ಕಡೆ ಈ ಕಡೆ ನಡುಗುತ್ತೆ ಅಷ್ಟೆ. ಗೋಡೆಗೆ ಒತ್ತಿ ಇಟ್ಟು ಕತ್ತರಿಸೋ ಬ್ಲೇಡೂ ಬರುತ್ತೆ. ನಾನು ಅಡುಗೆಮನೆ ಸಿಂಕ್ ಹಿಂದೆ ಅದರಲ್ಲೇ ಮಾಡಿದ್ದೆ, ಆದರೆ ಕತ್ತರಿಸಿದ ಸಂದು ಮತ್ತೆ ಅಂಟಿಕೊಳ್ತಾ ಇತ್ತು.

ಪೈಪ್ ಮೇಸ್ತ್ರಿ:

ಧಾರಾಳವಾಗಿ ಮಾಡಬಹುದು ಕಿರಣ್. ಡ್ರಿಲ್ ಹಿಡಿಸದ ಕಡೆ ನನ್ನ ಕೈ ಮೊದಲು ಹೋಗೋದೂ ಅದಕ್ಕೇ. ಅಂಟಿಕೊಳ್ಳೋದಕ್ಕೆ ಕಾರಣ ವೇಗ. ಆ ಮಷಿನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 20,000 ಸಲದ ಹತ್ತಿರ ಆಡುತ್ತೆ, ಪ್ಲಾಸ್ಟಿಕ್ ಕರಗಿ ಹಲ್ಲಿನ ಹಿಂದೆಯೇ ಮತ್ತೆ ಬೆಸೆಯುತ್ತೆ. ವೇಗದ ಗುಂಡಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಿ, ಒರಟು ಹಲ್ಲಿನ ಬ್ಲೇಡ್ ಹಾಕಿ, ಒಂದೇ ಕಡೆ ಒತ್ತಿ ಹಿಡಿಯದೆ ಬ್ಲೇಡನ್ನ ಸಂದಿನುದ್ದಕ್ಕೂ ಮೆಲ್ಲಗೆ ಆಡಿಸ್ತಾ ಇರಿ. ಪುಡಿ ಬೀಳಬೇಕು. ದಾರದಂತೆ ಎಳೆ ಬಂತು ಅಂದರೆ ಕರಗ್ತಾ ಇದೆ, ನಿಲ್ಲಿಸಿ ಆರೋಕೆ ಬಿಡಿ.

ಆದರೆ ವಾಸಂತಿಯವರ ಆ ಸಂದಿನ ಗೆರೆಯನ್ನ ಅದರಿಂದ ಸುತ್ತಲೂ ಕತ್ತರಿಸೋಕೆ ಆಗೋದಿಲ್ಲ. ಅಷ್ಟು ಸಣ್ಣ ಕಿಂಡಿಯಲ್ಲಿ ಗೆರೆಯ ಎಲ್ಲ ಬದಿಗೂ ಬ್ಲೇಡ್ ತಲುಪೋದಿಲ್ಲ. ಅಲ್ಲಿ ಒಳಗಿನಿಂದ ಬರೋ ಚಕ್ರವೇ ಬೇಕು.

ವಾಸಂತಿ:

ಮೇಸ್ತ್ರಿಗಳೇ, ಎಷ್ಟು ಬಿಡಿಸಿ ಬರೆದಿದ್ದೀರಿ, ತುಂಬಾ ಧನ್ಯವಾದ. ನೀವು ಹೇಳಿದ ಕ್ರಮದಲ್ಲೇ ಮಾಡಿದೆ. ಎಲ್ಬೋ ಬಂತು! ಟೀ ಅಂಚಿಗೆ ಒಂದು ಗೀರೂ ಬಿದ್ದಿಲ್ಲ. ಪೈಪ್ ಅಳೆದರೆ ನೀವು ಹೇಳಿದ 48.3 ಬಂತು.

ರೀಮರ್ ತರುವ ಮೊದಲು ಕೆಲವು ಸಂಶಯ. ರೀಮರ್ ಎಷ್ಟು ಆಳಕ್ಕೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಹೆರೆದ ಚೂರೆಲ್ಲ ಡ್ರೈನ್ ಒಳಗೆ ಬೀಳುವುದಿಲ್ಲವಾ? ಮತ್ತೆ, ಟೀಯ ಗೋಡೆಯನ್ನೂ ಸೇರಿಸಿ ಹೆರೆದುಬಿಟ್ಟರೆ ಏನು ಗತಿ?

ಪೈಪ್ ಮೇಸ್ತ್ರಿ:

ಭೇಷ್! ಕಷ್ಟದ ಭಾಗ ಮುಗಿಯಿತು.

ಚೂರಿನ ಪ್ರಶ್ನೆ ಮೊದಲು. ಬಟ್ಟೆಯನ್ನ ಉಂಡೆ ಮಾಡಿ, ಗಟ್ಟಿ ದಾರ ಕಟ್ಟಿ, ಟೀ ಒಳಗೆ ತೂರಿಸಿ ಕೆಳಗಿನ ಪೈಪ್ ಬಾಯಿಗೆ ಸಿಕ್ಕಿಸಿ. ದಾರದ ಇನ್ನೊಂದು ತುದಿ ಹೊರಗೆ ಯಾವುದಕ್ಕಾದರೂ ಗಂಟು ಹಾಕಿರಬೇಕು, ಕೈತಪ್ಪಿ ಬಟ್ಟೆ ಒಳಗೆ ಹೋದರೆ ಅದೇ ಹೊಸ ತಲೆನೋವು. ಬಟ್ಟೆಯಿಂದ ಡ್ರೈನ್ ಗಾಳಿ ಮೇಲೆ ಬರೋದೂ ಕಡಿಮೆಯಾಗುತ್ತೆ. ಎಲ್ಬೋ ಕಳಚಿದ ಮೇಲೆ ಅಲ್ಲಿ ಟ್ರ್ಯಾಪ್‌ನ (ಬೇಸಿನ್ ಕೆಳಗೆ ನೀರು ನಿಲ್ಲೋ ಬಾಗಿದ ಪೈಪಿನ) ನೀರಿನ ತಡೆ ಇಲ್ಲ. ಚರಂಡಿಯ ಮೀಥೇನ್, ಹೈಡ್ರೋಜನ್ ಸಲ್ಫೈಡ್ ನೇರ ಕೋಣೆಗೆ ಬರುತ್ತವೆ. ಕಿಟಕಿ ತೆರೆದಿಡಿ. ಬಟ್ಟೆಯ ಮೇಲೆ ಚೂರು ತುಂಬಿದರೆ ವ್ಯಾಕ್ಯೂಮ್‌ನಿಂದ ಎಳೆದುಕೊಂಡು ಆಮೇಲೆ ಬಟ್ಟೆ ತೆಗೀರಿ.

ಇನ್ನು ಆಳ. ಸಾಕೆಟ್ಟಿನ ತಳದಲ್ಲಿ ಒಂದು ಮೆಟ್ಟಿಲು ಇರುತ್ತೆ, ಪೈಪ್ ಹೋಗಿ ತಾಗಿ ನಿಲ್ಲೋ ಜಾಗ. ರೀಮರ್ ಅಲ್ಲಿಗೆ ಬಂದಾಗ ಸದ್ದು ಬದಲಾಗುತ್ತೆ, ಚೂರು ಬರೋದೂ ಕಡಿಮೆಯಾಗುತ್ತೆ. ಆದರೆ ಕಿವಿಯನ್ನೇ ನೆಚ್ಚಿಕೊಳ್ಳೋದು ಬೇಡ. ನಿಮ್ಮ ಕೈಯಲ್ಲಿ ಈಗ ಹಳೆ ಎಲ್ಬೋ ಇದೆ, ಅದರೊಳಗೂ ಅದೇ ಪೈಪಿನ ಇನ್ನೊಂದು ಅರ್ಧ ಇದೆ. ಅದನ್ನ ಉದ್ದಕ್ಕೆ ಸೀಳಿ ನೋಡಿ, ಸಾಕೆಟ್ಟಿನ ಆಳ ಎಷ್ಟು ಅಂತ ಕಣ್ಣಾರೆ ಕಾಣುತ್ತೆ. ಟೀಯೂ ಅದೇ ಜಾತಿಯ ಫಿಟ್ಟಿಂಗ್ ಆಗಿದ್ದರೆ ಆಳವೂ ಹೆಚ್ಚುಕಡಿಮೆ ಅಷ್ಟೇ. ಡ್ರೈನ್ ಫಿಟ್ಟಿಂಗ್‌ಗಳ ಸಾಕೆಟ್ ಪ್ರೆಶರ್ ಫಿಟ್ಟಿಂಗ್‌ಗಳಿಗಿಂತ ಗಿಡ್ಡ. ಒಂದೂವರೆ ಇಂಚಿನದಕ್ಕೆ ಡ್ರೈನ್‌ನಲ್ಲಿ 17-18 ಮಿ.ಮೀ. ಇದ್ದರೆ, ಪ್ರೆಶರ್‌ನಲ್ಲಿ 28ರ ಹತ್ತಿರ ಇರುತ್ತೆ. ಸೀಳಿ ಅಳೆದ ಆಳವನ್ನ ರೀಮರ್ ಮೇಲೆ ಟೇಪಿನಿಂದ ಗುರುತು ಮಾಡಿಕೊಳ್ಳಿ.

ನಿಮ್ಮ ಮೂರನೇ ಪ್ರಶ್ನೆ ತುಂಬಾ ಒಳ್ಳೆಯದು. ಇದನ್ನ ಕೆಲಸದವರೂ ಕೇಳೋದಿಲ್ಲ. ಆ ಸೀಳಿದ ಎಲ್ಬೋವನ್ನ ಬೆಳಕಿಗೆ ಹಿಡಿದು ಅಂಟಿನ ಗೆರೆಯನ್ನ ನೋಡಿ. ಬಾಯಿಯ ಹತ್ತಿರ ಪೈಪಿಗೂ ಸಾಕೆಟ್ಟಿಗೂ ನಡುವೆ ಸಾಲ್ವೆಂಟ್ ಸಿಮೆಂಟಿನ ಒಂದು ಪದರ ಕಾಣುತ್ತೆ. ಒಳಗೆ ಹೋದಂತೆ ಅದು ತೆಳ್ಳಗಾಗ್ತಾ ತಳದ ಹತ್ತಿರ ಕಾಣದೇ ಹೋಗುತ್ತೆ, ಎರಡು ಪ್ಲಾಸ್ಟಿಕ್ಕೂ ಒಂದೇ ಆಗಿರುತ್ತೆ. ಯಾಕೆ ಅಂದರೆ ಸಾಕೆಟ್ ನೇರ ಕೊಳವೆ ಅಲ್ಲ, ಒಳಗೆ ಹೋದಂತೆ ಕಿರಿದಾಗುತ್ತೆ. ಒಂದೂವರೆ ಇಂಚಿನ ಶೆಡ್ಯೂಲ್ 40 ಪ್ರೆಶರ್ ಸಾಕೆಟ್ಟಿನ ಬಾಯಿ 48.6 ಮಿ.ಮೀ., ತಳ 48.1. ಪೈಪ್ 48.3. ಅಂದರೆ ಬಾಯಲ್ಲಿ ಪೈಪ್ ಸಡಿಲ, ತಳದಲ್ಲಿ ಪೈಪಿಗಿಂತ ಸಾಕೆಟ್ಟೇ ಚಿಕ್ಕದು. ಸಾಲ್ವೆಂಟ್ ಎರಡನ್ನೂ ಮೆತ್ತಗೆ ಮಾಡಿದಾಗ ಪೈಪ್ ಆ ಬಿಗಿ ಜಾಗಕ್ಕೆ ನುಗ್ಗಿ ಬೆಸೆದುಕೊಳ್ಳುತ್ತೆ. ಜಾಯಿಂಟಿನ ನಿಜವಾದ ಬಲ ಇರೋದು ಅಲ್ಲಿ. ಡ್ರೈನ್ ಸಾಕೆಟ್ಟಿನ ಅಂಕಿ ಕೂದಲೆಳೆಯಷ್ಟು ಬೇರೆ ಇರಬಹುದು, ಲೆಕ್ಕಾಚಾರ ಇದೇ.

ರೀಮರ್ ಹೆರೆಯೋದು ನೇರ ಕೊಳವೆಯಂತೆ, ಪೈಪಿನ ಹೊರ ಅಳತೆಗೆ. ಆದ್ದರಿಂದ ಬಾಯಲ್ಲಿ ಹಳೆ ಸಿಮೆಂಟಿನ ಪದರ ಹಾಗೇ ಉಳಿಯುತ್ತೆ, ತಳದಲ್ಲಿ ಟೀಯ ಸ್ವಂತ ಪ್ಲಾಸ್ಟಿಕ್ ಒಂದು ತೆಳು ಸಿಪ್ಪೆಯಷ್ಟು ಹೋಗುತ್ತೆ. ಟೀ ತೂತಾಗೋದಿಲ್ಲ, ಆ ಭಯ ಬೇಡ. ಆದರೆ ತಳದ ಆ ಬಿಗಿ ಕಳೆದುಹೋಗುತ್ತೆ. ಒತ್ತಡ ಇಲ್ಲದೆ ಇಳಿದು ಹೋಗೋ ವೇಸ್ಟ್ ನೀರಿಗೆ ಇದು ಸಾಕು. ಒತ್ತಡದ ನೀರಿಗೆ ಸಾಲದು.

ಬಾಯಲ್ಲಿ ಉಳಿದ ಪದರವನ್ನ ಕೆರೆದು ಹೊಳಪು ಬರಿಸೋಕೆ ಹೋಗಬೇಡಿ. ಸಡಿಲ ಸಿಪ್ಪೆ ಇದ್ದರೆ ಮಾತ್ರ ಸ್ಕ್ರೂ ಡ್ರೈವರ್ ತುದಿಯಿಂದ ಎಬ್ಬಿಸಿ ತೆಗೀರಿ. ಗಟ್ಟಿಯಾಗಿ ಕೂತಿದ್ದು ಇರಲಿ, ಹೊಸ ಸಾಲ್ವೆಂಟ್ ಅದನ್ನೇ ಮೆತ್ತಗೆ ಮಾಡಿ ಬೆಸೆಯುತ್ತೆ.

ಡ್ರಿಲ್ ಬಗ್ಗೆ: ಅರ್ಧ ಇಂಚಿನ ಚಕ್ ಇರೋದು ಬೇಕು, ಕಡಿಮೆ ವೇಗದ ಗೇರಿನಲ್ಲಿ. ಎರಡು ಕೈಯಲ್ಲಿ ಹಿಡಿಯಿರಿ, ಹಲ್ಲು ಕಚ್ಚಿದರೆ ಮಣಿಕಟ್ಟು ತಿರುಚುತ್ತೆ. ಸ್ವಲ್ಪ ಹೆರೆದು ಹಿಂದೆ ತೆಗೆದು ಚೂರು ಕೊಡವಿ ಮತ್ತೆ ಸ್ವಲ್ಪ, ಹೀಗೆ. ಒಂದೇ ಉಸಿರಿಗೆ ಒತ್ತಿದರೆ ಬಿಸಿಗೆ ಚೂರು ಕರಗಿ ಹಲ್ಲಿನ ನಡುವೆ ತುಂಬಿಕೊಳ್ಳುತ್ತೆ. ಎಲ್ಲಕ್ಕಿಂತ ಮುಖ್ಯ, ಡ್ರಿಲ್ ಟೀ ಬಾಯಿಗೆ ನೇರ ಇರಬೇಕು. ಓರೆಯಾದರೆ ಸಾಕೆಟ್ಟಿನ ಒಂದು ಬದಿ ಮಾತ್ರ ಸವೆಯುತ್ತೆ. ನಿಮ್ಮ ಟೀ ಕೋಣೆಯ ಕಡೆಗೇ ಬಾಯಿ ತೆರೆದಿರೋದರಿಂದ ಇದು ಸುಲಭ. ಪಕ್ಕಕ್ಕೆ ಬಾಯಿ ಇರೋ ಕಡೆ ಡ್ರಿಲ್ ಹಿಡಿಸೋದೇ ಇಲ್ಲ. ಅಂಥಲ್ಲಿ ರೀಮರಿನ ಕಾಂಡ ಆರು ಮೂಲೆಯದಾಗಿದ್ದರೆ ರ‍್ಯಾಚೆಟ್ ಹಾಕಿ ಕೈಯಲ್ಲೇ ತಿರುಗಿಸಬಹುದು. ನಿಧಾನ, ಆದರೆ ಕೈಯಲ್ಲಿ ಆದಷ್ಟು ನಯವಾಗಿ ಮಷಿನ್‌ನಲ್ಲಿ ಆಗೋದಿಲ್ಲ. ಕಣ್ಣಿಗೆ ಕನ್ನಡಕ ಯಾವತ್ತೂ ಇರಲಿ, ಚೂರು ನೇರ ನಿಮ್ಮ ಮುಖಕ್ಕೇ ಬರುತ್ತೆ.

ಹೊಸದಾಗಿ ಹಾಕೋವಾಗ ಮಾಮೂಲಿ ಎಲ್ಬೋ ಬದಲು ಸ್ಟ್ರೀಟ್ ಎಲ್ಬೋ ತನ್ನಿ. ಅದರ ಒಂದು ಬದಿ ಪೈಪಿನ ಅಳತೆಗೇ ಇರುತ್ತೆ, ನೇರ ಟೀ ಬಾಯೊಳಗೆ ಹೋಗುತ್ತೆ. ನಡುವೆ ಪೈಪ್ ತುಂಡು ಬೇಡ, ಒಂದು ಜಾಯಿಂಟ್ ಕಡಿಮೆ, ಜಾಗವೂ ಉಳಿಯುತ್ತೆ. ಅಂಟಿಸೋ ಮೊದಲು ಒಣದಾಗಿ ಜೋಡಿಸಿ ನೋಡಿ. ಅದರ ಮೂತಿ ಸಾಕೆಟ್ಟಿನ ಆಳಕ್ಕಿಂತ ಉದ್ದ ಇದ್ದರೆ ಅಷ್ಟನ್ನ ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿ, ಅರದಿಂದ ಹೊರ ಅಂಚನ್ನ ಓರೆ ಮಾಡಿ. ಚೂಪು ಅಂಚು ಬಿಟ್ಟರೆ ತೂರಿಸೋವಾಗ ಸಾಲ್ವೆಂಟನ್ನೆಲ್ಲ ಒರೆಸಿಕೊಂಡು ತಳಕ್ಕೆ ತಳ್ಳಿಬಿಡುತ್ತೆ. ಬಲಕ್ಕೆ ಹೋಗೋ ಪೈಪಿಗೆ ಅಡಿಗೆ ಕಾಲಿಂಚು ಇಳಿಜಾರು ಮರೀಬೇಡಿ. ಒಂದೂವರೆ ಅಡಿಗೆ ಬೇಸಿನ್ ಕಡೆ ಹತ್ತು ಮಿಲಿಮೀಟರ್ ಎತ್ತರ ಸಿಕ್ಕರೆ ಆಯಿತು.

ಫಾತಿಮಾ:

ಅಣ್ಣ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಗೀಸರ್‌ನಿಂದ ಬರುವ ಅರ್ಧ ಇಂಚಿನ ಸಿಪಿವಿಸಿ ಲೈನಿನಲ್ಲಿ ಒಂದು ಎಲ್ಬೋ ಜಿನುಗುತ್ತಿದೆ. ಗೋಡೆಯ ಮೂಲೆಯಲ್ಲಿದೆ, ಪಕ್ಕದಲ್ಲೇ ತಣ್ಣೀರಿನ ಪೈಪ್. ಅರ್ಧ ಇಂಚಿನ ರೀಮರ್ ಕೂಡ ಸಿಗುತ್ತದೆ ಅಂತ ಕೇಳಿದೆ. ಅದರಲ್ಲಿ ಹೀಗೇ ಮಾಡಬಹುದಾ?

ಪೈಪ್ ಮೇಸ್ತ್ರಿ:

ಬೇಡಮ್ಮ. ಬಿಸಿನೀರು, ಮೇಲೆ ಒತ್ತಡ, ಎರಡೂ ಸೇರಿರೋ ಕಡೆ ಹೆರೆದ ಸಾಕೆಟ್ಟನ್ನ ನಾನು ನಂಬೋದಿಲ್ಲ. ಸಾಕೆಟ್ ತಳದ ಬಿಗಿಯ ವಿಷಯ ಮೇಲೆ ಬರೆದೆನಲ್ಲ, ನಿಮ್ಮ ಲೈನಿಗೆ ಆ ಬಿಗಿಯೇ ಪ್ರಾಣ. ಬರೀ ಎಲ್ಬೋ ಜಿನುಗ್ತಾ ಇದ್ದರೆ ಅದನ್ನ ಪೂರ್ತಿ ಬಿಟ್ಟು ಎರಡೂ ಕಡೆ ಪೈಪಿನಲ್ಲೇ ಕತ್ತರಿಸಿ, ಹೊಸ ಎಲ್ಬೋ, ಹೊಸ ಕಪ್ಲರ್ (ಎರಡು ಪೈಪನ್ನ ನೇರ ಸೇರಿಸೋ ತುಂಡು) ಹಾಕಿ.

ನಿಮಗೆ ಎಷ್ಟು ಪೈಪ್ ಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಅರ್ಧ ಇಂಚಿನ ಸಿಪಿವಿಸಿಯ ಹೊರ ಅಳತೆ 15.9 ಮಿ.ಮೀ., ಸಾಕೆಟ್ ಆಳ 13 ಮಿ.ಮೀ. ಹತ್ತಿರ. ಗೋಡೆಯಿಂದ ಆಚೆ ಆರೋಗ್ಯವಾಗಿರೋ ಪೈಪ್ 13 ಮಿ.ಮೀ. ಸಿಕ್ಕರೂ ಒಂದು ಕಪ್ಲರ್ ಕೂರುತ್ತೆ. ಸಿಗದಿದ್ದರೆ ಪ್ಲಾಸ್ಟರನ್ನ ಉಳಿಯಿಂದ ಅಷ್ಟು ಮಾತ್ರ ಕೆತ್ತಿ. ಪೈಪಿನ ಸುತ್ತ ಕೆತ್ತೋವಾಗ ಹುಷಾರು, ಸಿಪಿವಿಸಿ ಏಟಿಗೆ ಸೀಳು ಬಿಡುತ್ತೆ.

ಮೂಲೆಯಲ್ಲಿ ಕತ್ತರಿಸೋಕೆ ರ‍್ಯಾಚೆಟ್ ಕತ್ತರಿ ತೂರಿಸಬೇಡಿ. ಹೊಸ ಪೈಪಿಗೆ ಅದು ಸರಿ, ವರ್ಷಗಟ್ಟಲೆ ಬಿಸಿನೀರು ಹರಿದ ಸಿಪಿವಿಸಿ ಗಡುಸಾಗಿರುತ್ತೆ, ಕತ್ತರಿಯ ಹಿಸುಕಿಗೆ ಉದ್ದಕ್ಕೆ ಕೂದಲೆಳೆ ಸೀಳು ಬಿಡುತ್ತೆ. ಅದು ಅವತ್ತು ಕಾಣೋದಿಲ್ಲ, ನೀರು ಬಿಟ್ಟ ಮೇಲೆ ಕಾಣುತ್ತೆ. ಸೀಳು ಕಂಡರೆ ಅದು ಮುಗಿಯೋ ಜಾಗದಿಂದ ಇನ್ನೂ 50 ಮಿ.ಮೀ. ಆಚೆಗೆ ಕತ್ತರಿಸಬೇಕು. ಮಿನಿ ಹ್ಯಾಕ್ಸಾ ಹಿಡಿ ಬರುತ್ತೆ, ಬ್ಲೇಡ್ ಮುಂದೆ ಚಾಚಿಕೊಂಡಿರುತ್ತೆ. ಅದಕ್ಕೆ ಇಂಚಿಗೆ 32 ಹಲ್ಲಿನ ಬ್ಲೇಡನ್ನ ಎಳೆಯೋವಾಗ ಕತ್ತರಿಸೋ ಹಾಗೆ ಹಲ್ಲು ಹಿಂದಕ್ಕೆ ಮಾಡಿ ಹಾಕಿ. ತಳ್ಳಿದರೆ ಬ್ಲೇಡ್ ಬಾಗುತ್ತೆ, ಎಳೆದರೆ ನೆಟ್ಟಗಿರುತ್ತೆ. ಪಕ್ಕದ ತಣ್ಣೀರಿನ ಪೈಪಿಗೆ ಒಂದು ತಗಡಿನ ತುಂಡು ಅಡ್ಡ ಇಡಿ. ಕೇಬಲ್ ಸಾ ಕೂಡ ನಡೆಯುತ್ತೆ, ಹಿಂದೆ ಜಾಗ ಇದ್ದರೆ.

ಮೊದಲು ಗೀಸರ್ ಆಫ್ ಮಾಡಿ, ಲೈನ್ ಖಾಲಿ ಮಾಡಿ, ಪೈಪ್ ಒಳಗೆ ಒಂದು ಹನಿಯೂ ಇರಬಾರದು. ಒದ್ದೆ ಪೈಪಿಗೆ ಸಾಲ್ವೆಂಟ್ ಹಿಡಿಯೋದಿಲ್ಲ. ಸಿಪಿವಿಸಿಗೆ ಅದರದೇ ಸಾಲ್ವೆಂಟ್, ಪಿವಿಸಿದು ಹಾಕಬೇಡಿ. ಒತ್ತಡ ಬಿಡೋ ಮೊದಲು ಒಂದು ದಿನ ಪೂರ್ತಿ ಬಿಡಿ.

ರೆಂಚು:

ಮೇಸ್ತ್ರಿಗಳೇ, ಪ್ರೆಶರ್ ಲೈನಿಗೆ ಬೇಡ ಅಂತ ನೀವೇ ಹೇಳಿದ್ದು ನೋಡಿ ಸಮಾಧಾನ ಆಯ್ತು. ನನ್ನ ಆತಂಕ ಇದ್ದಿದ್ದೂ ಅದೇ. ಒಂದು ಮಾತು ಕೇಳ್ತೀನಿ. ಕೆಲವರು ಪೈಪ್ ಒಳಗೇ ಅಂಟಿಸೋ ಇನ್‌ಸೈಡ್ ಕಪ್ಲರ್ ಹಾಕ್ತಾರೆ. ಹೆರೆಯೋ ಕಷ್ಟವೇ ಇರಲ್ಲ, ಹಳೆ ಬಳೆಯ ಒಳಗೇ ಕೂರುತ್ತೆ. ವೇಸ್ಟ್ ಲೈನಿಗೆ ಅದು ಆಗಲ್ವಾ?

ಪೈಪ್ ಮೇಸ್ತ್ರಿ:

ಕೂರುತ್ತೆ, ಆದರೆ ದಾರಿ ಕಿರಿದಾಗುತ್ತೆ, ಒಳಗೆ ಒಂದು ಹೊಸಿಲು ಎದ್ದು ನಿಲ್ಲುತ್ತೆ. ಬೇಸಿನ್ ಲೈನಿನಲ್ಲಿ ಬರೋದು ಕೂದಲು, ಸೋಪಿನ ಜಿಡ್ಡು. ಮೊದಲ ಕೂದಲು ಆ ಹೊಸಿಲಿಗೆ ಸಿಕ್ಕಿಕೊಂಡರೆ ಮಿಕ್ಕಿದ್ದೆಲ್ಲ ಅದಕ್ಕೆ ಸುತ್ತಿಕೊಳ್ಳುತ್ತೆ. ಬ್ಲಾಕ್ ತೆಗೆಯೋ ಸ್ಪ್ರಿಂಗ್ ಹಾಕಿದರೂ ಅಲ್ಲೇ ತಡೆಯುತ್ತೆ. ರೀಮರ್ ಸಿಗೋ ಹಾಗಿದ್ದರೆ ಆ ದಾರಿ ಬೇಡ.

ರೀಮರ್ ಎಲ್ಲೂ ಸಿಗಲಿಲ್ಲ ಅಂದರೂ ಕೈಕಟ್ಟಿ ಕೂರಬೇಕಿಲ್ಲ. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ, ಹಳೆ ಬಳೆಯ ಒಳಗಿನಿಂದ ಉದ್ದಕ್ಕೆ ಗೀರುಗಳನ್ನ ಹಾಕಿ, ಹೆಬ್ಬೆರಳಗಲಕ್ಕೆ ಒಂದರಂತೆ. ಪೈಪಿನ ದಪ್ಪ 3.7 ಅಂದರೆ ಮೂರರ ಹತ್ತಿರ ನಿಲ್ಲಿಸಬೇಕು, ಸಾಕೆಟ್ಟಿಗೆ ಹಲ್ಲು ತಾಗಬಾರದು. ಆಮೇಲೆ ಚಪ್ಪಟೆ ಉಳಿಯನ್ನ ಬಾಯಿಯ ಕಡೆಯಿಂದ ಬಳೆಗೂ ಸಾಕೆಟ್ಟಿಗೂ ನಡುವೆ ಇಟ್ಟು ಮೆಲ್ಲಗೆ ತಟ್ಟಿ, ತುಂಡು ಒಳಮುಖವಾಗಿ ಬಿಟ್ಟುಕೊಳ್ಳುತ್ತೆ. ಬಾಯಿಯ ಹತ್ತಿರ ಬೇಗ ಬರುತ್ತೆ, ತಳದಲ್ಲಿ ಬಿಗಿ ಇರೋದರಿಂದ ಸತಾಯಿಸುತ್ತೆ. ಹಾಟ್ ಏರ್ ಗನ್ ಇದ್ದರೆ ಬಳೆಯನ್ನ ಮಾತ್ರ ಸ್ವಲ್ಪ ಬೆಚ್ಚಗೆ ಮಾಡಬಹುದು. ಪಿವಿಸಿ 80 ಡಿಗ್ರಿ ಸುಮಾರಿಗೇ ಮೆತ್ತಗಾಗೋಕೆ ಶುರು, ಟೀಯೂ ಅದೇ ಪ್ಲಾಸ್ಟಿಕ್ ಅನ್ನೋದು ನೆನಪಿರಲಿ. ಹೊಗೆ ಕಂಡರೆ ಅತಿಯಾಯಿತು ಅಂತ ಅರ್ಥ.

ವಾಸಂತಿ:

ರೀಮರ್ ಸಿಕ್ಕಿತು, ಕೆಲಸವೂ ಆಯಿತು. ಹಳೆ ಎಲ್ಬೋ ಸೀಳಿ ನೋಡಿದೆ. ಬಾಯಿಯ ಹತ್ತಿರ ಅಂಟಿನ ಪದರ, ತಳದಲ್ಲಿ ಏನೂ ಕಾಣದೆ ಒಂದಾಗಿರುವುದು, ನೀವು ಹೇಳಿದ ಹಾಗೇ ಇತ್ತು. ಆಳ 18 ಮಿ.ಮೀ. ಬಂತು, ಅದನ್ನೇ ಗುರುತು ಮಾಡಿಕೊಂಡೆ. ಹೆರೆದದ್ದು ಸಣ್ಣ ಸುರುಳಿಯಾಗಿ ಬಂತು, ತಳ ಮುಟ್ಟಿದಾಗ ಸದ್ದೂ ಬದಲಾಯಿತು. ಸ್ಟ್ರೀಟ್ ಎಲ್ಬೋ ಒಣದಾಗಿ ಇಟ್ಟರೆ ಅಲುಗಾಡದೆ ಕೂರುತ್ತದೆ, ಆದರೆ ಕೈಯಲ್ಲಿ ಎಳೆದರೆ ಸಲೀಸಾಗಿ ಬಂದುಬಿಡುತ್ತದೆ. ಇದು ಸರಿಯಾ? ಇನ್ನು ಅಂಟಿಸಿ ಗೋಡೆ ಮುಚ್ಚುವುದಷ್ಟೇ ಬಾಕಿ.

ಪೈಪ್ ಮೇಸ್ತ್ರಿ:

ಸರಿಯಾಗಿದೆ. ಹೊಸ ಸಾಕೆಟ್ಟಿನಲ್ಲಿ ಅರ್ಧಕ್ಕೇ ಬಿಗಿಯಾಗಬೇಕಿತ್ತು, ಹೆರೆದದ್ದರಲ್ಲಿ ತಳದವರೆಗೂ ಜಾರುತ್ತೆ. ಅದಕ್ಕೇ ತೆಳು ಸಾಲ್ವೆಂಟ್ ಬೇಡ, ದಪ್ಪಗಿನದು ತನ್ನಿ, ಡಬ್ಬದ ಮೇಲೆ ಹೆವಿ ಬಾಡಿ ಅಂತ ಇರುತ್ತೆ. ಮೊದಲು ಪ್ರೈಮರ್ (ಸಾಲ್ವೆಂಟ್‌ಗೆ ಮುಂಚೆ ಹಚ್ಚೋ ದ್ರವ) ಎರಡೂ ಕಡೆ, ಆಮೇಲೆ ಸಾಲ್ವೆಂಟ್ ಎಲ್ಬೋ ಮೂತಿಗೆ ಧಾರಾಳವಾಗಿ, ಟೀ ಬಾಯಿಗೆ ತೆಳುವಾಗಿ, ಮತ್ತೆ ಮೂತಿಗೆ ಇನ್ನೊಂದು ಕೈ. ಕಾಲು ಸುತ್ತು ತಿರುಗಿಸ್ತಾ ತಳ ಮುಟ್ಟೋವರೆಗೆ ಒತ್ತಿ, ಅರ್ಧ ನಿಮಿಷ ಕೈ ಬಿಡಬೇಡಿ. ತಿರುಗಿಸಿ ಮುಗಿದಾಗ ಮುಖ ಸರಿಯಾಗಿ ಬಲಕ್ಕೆ ಬರೋ ಹಾಗೆ ಒಣ ಜೋಡಣೆಯಲ್ಲೇ ಪೆನ್ಸಿಲ್ ಗೆರೆ ಎಳೆದುಕೊಂಡಿರಿ. ಸಾಲ್ವೆಂಟ್ ಡಬ್ಬ ತೆರೆದಿರೋವಾಗ ಆ ಕಿಂಡಿಯ ಹತ್ತಿರ ಡ್ರಿಲ್, ಮಲ್ಟಿ ಟೂಲ್ ಚಾಲೂ ಮಾಡಬೇಡಿ. ಅದರ ಆವಿ ಹೊತ್ತಿಕೊಳ್ಳೋಕೆ ಮಷಿನ್ ಮೋಟಾರಿನ ಬ್ರಷ್ಷಿನ ಕಿಡಿ ಸಾಕು.

ಬಟ್ಟೆ ಉಂಡೆಯನ್ನ ಎಲ್ಬೋ ಅಂಟಿಸೋ ಮೊದಲೇ ತೆಗೆದಿರಬೇಕು, ಇದನ್ನ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಮಾರನೇ ದಿನ ಬೇಸಿನ್ ಅಂಚಿನವರೆಗೆ ತುಂಬಿಸಿ ಒಮ್ಮೆಗೇ ಬಿಡಿ. ನೀರು ಹೋಗ್ತಾ ಇರೋವಾಗ ಟಿಶ್ಯೂ ಕಾಗದವನ್ನ ಟೀ ಬಾಯಿಯ ಸುತ್ತ, ಮುಖ್ಯವಾಗಿ ಕೆಳಬದಿಗೆ ಒತ್ತಿ ನೋಡಿ. ಒಂದು ಚುಕ್ಕೆ ಒದ್ದೆ ಕಂಡರೂ ಗೊತ್ತಾಗುತ್ತೆ. ಬಿಸಿನೀರಿನಲ್ಲೂ ಒಮ್ಮೆ, ತಣ್ಣೀರಿನಲ್ಲೂ ಒಮ್ಮೆ ಹಾಗೆ ಮಾಡಿ. ಒಂದು ವಾರ ಬಳಸಿ ನೋಡಿ ಆಮೇಲೆ ಟೈಲ್ ಕೂರಿಸಿ, ಅಲ್ಲಿಯವರೆಗೆ ಕಿಂಡಿಗೆ ಒಂದು ರಟ್ಟು ಮುಚ್ಚಿಟ್ಟರೆ ಆಯಿತು.